ಇಲ್ಲಿ ವೋಟಿರೋರು ಕೈ ಎತ್ತಿ

ಇದರಲ್ಲಿ ಒಂದು ಮಾತನ್ನೂ ನಂಬದೆ ಕೊನೆಯವರೆಗೆ ಓದಿ ನೋಡೋಣ. ಆಗುವುದಿಲ್ಲ ನಿಮ್ಮ ಕೈಲಿ. ಜಯನಗರದ ನಮ್ಮ ಪಾರ್ಕಿಗೆ ಬೆಳಗ್ಗೆ ವಾಕಿಂಗ್ ಬರುವ ಅರ್ಧ ಜನ ನನ್ನನ್ನು ನಿವೃತ್ತ ಮಿಲಿಟರಿ ಡಾಕ್ಟರ್ ಎಂದೇ ತಿಳಿದಿದ್ದಾರೆ. ಮಂಡಿನೋವಿಗೆ ಏನು ಮಾಡಬೇಕೆಂದು ನನ್ನನ್ನೇ ಕೇಳುತ್ತಾರೆ. ನಾನು ಜೀವನವಿಡೀ ಕೂತಿದ್ದು ವಿಮಾ ಕಚೇರಿಯ ಫ್ಯಾನಿನ ಕೆಳಗೆ. ಅಂಥವರನ್ನೇ ನಂಬಿಸಿದವನಿಗೆ ನೀವು ಯಾವ ಲೆಕ್ಕ? ಆದರೂ ನ್ಯಾಯವಾಗಿ ಮೊದಲೇ ಹೇಳಿಬಿಡುತ್ತೇನೆ: ಈ ಬರಹದಲ್ಲಿ ಒಂದೇ ಒಂದು ಸುಳ್ಳಿದೆ. ತಾಕತ್ತಿದ್ದರೆ ಹಿಡಿಯಿರಿ.

ಕಳೆದ ಲೋಕಸಭಾ ಚುನಾವಣೆಗೆ ನನ್ನ ತಂಗಿ ನಿಂತಿದ್ದಳು. ಕೆಂಬಾವುಟದ ಪಕ್ಷದಿಂದ. ನಮ್ಮ ಏರಿಯಾದಲ್ಲಿ ಆ ಪಕ್ಷಕ್ಕೆ ಅವಳೇ ಲೀಡರು. ಮದುವೆ, ಮಕ್ಕಳು ಯಾವುದೂ ಬೇಡವೆಂದು ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಯೂನಿಯನ್ ಹಿಂದೆ ಹೋದವಳು. ನನ್ನ ಹೆಂಡತಿ ತೀರಿಕೊಂಡ ಮೇಲೆ ಇಬ್ಬರೂ ಒಂದೇ ಮನೆಯಲ್ಲಿದ್ದೇವೆ. ನಡುಮನೆಯ ಒಂದು ಗೋಡೆಗೆ ನನ್ನ ದೇವರ ಪಟಗಳು, ಎದುರು ಗೋಡೆಗೆ ಅವಳ ಬಾವುಟ. ಅವಳಿಗೆ ಭಾಷಣ ಮಾಡಲು ಕಲಿಸಿದ್ದೇ ನಾನು. ಅವಳು ಇದನ್ನು ಒಪ್ಪುವುದಿಲ್ಲ, ಅದು ಬೇರೆ ವಿಷಯ.

ಪ್ರಚಾರದ ದಿನಗಳಲ್ಲಿ ಎದುರು ಪಕ್ಷದ ಹುಡುಗರು ಕರಪತ್ರ ಹಿಡಿದು ನಮ್ಮ ಮನೆಗೂ ಬಂದರು. ನಾನು ಬಿಡುತ್ತೇನೆಯೇ? "ಬನ್ರಪ್ಪಾ, ಈ ಮನೆ ವೋಟೆಲ್ಲ ನಿಮಗೇ" ಎಂದು ಒಳಗೆ ಕರೆದು, ಬೇಕೆಂದೇ ಬಾವುಟದ ಕೆಳಗಿನ ಸೋಫಾದಲ್ಲಿ ಕೂರಿಸಿದೆ. "ಲೇ, ನಾಲ್ಕು ಕಾಫಿ ತಗೊಂಡ್ಬಾರೇ" ಎಂದು ತಂಗಿಗೆ ಕೂಗಿದೆ. ಅವಳು ತಂದು ಕೊಟ್ಟಳು. "ಥ್ಯಾಂಕ್ಸ್ ಆಂಟಿ, ಕಾಫಿ ಸಖತ್ತಾಗಿದೆ" ಎಂದರು. ಅಭ್ಯರ್ಥಿಯ ಕೈಯಿಂದಲೇ ಲೋಟ ಇಸಿದುಕೊಂಡು, ಅವಳ ಎದುರಿಗೇ ತಮ್ಮ ಅಭ್ಯರ್ಥಿಯನ್ನು ಹೊಗಳಿ, ಗೇಟು ಹಾಕಿಕೊಂಡು ಹೋದರು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

"ನನ್ನ ಮುಖ ಅವ್ರಿಗೆ ಗೊತ್ತೇ ಇಲ್ಲ. ನಗೋ ವಿಷ್ಯಾನಾ ಅಣ್ಣ ಇದು?" ಎಂದು ಅವಳು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ನಗುವ ವಿಷಯವಾಗಿರಲಿಲ್ಲ. ಅರೆಕೆರೆಯ ಹತ್ತಿರದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯವರು ಯೂನಿಯನ್ ಸೇರಿದರೆಂದು ಕೆಲವು ಹೆಂಗಸರನ್ನು ಕೆಲಸದಿಂದ ತೆಗೆದಿದ್ದರು. ತಿಂಗಳುಗಟ್ಟಲೆ ತಂಗಿಯ ಫೋನನ್ನೇ ಎತ್ತದ ಮ್ಯಾನೇಜರು, ಅವಳು ನಾಮಪತ್ರ ಹಾಕಿದ ಮೇಲೆ ಎತ್ತತೊಡಗಿದ್ದ. "ಎಲೆಕ್ಷನ್ ಮುಗೀಲಿ ಮೇಡಂ, ಅವ್ರನ್ನ ವಾಪಸ್ ತಗೊಳ್ಳೋದು ನೋಡೋಣ" ಎನ್ನುತ್ತಿದ್ದ.

"ನೋಡೋಣ ಅಂದ್ರೆ ಏನು ಗೊತ್ತಾ?" ಎಂದಳು ತಂಗಿ. "ನಿನಗೆಷ್ಟು ವೋಟು ಬೀಳತ್ತೆ ನೋಡೋಣ ಅಂತ. ಗೆದ್ರೆ ಕೈ ಮುಗೀತಾನೆ. ಸೋತ್ರೂ ಪರ್ವಾಗಿಲ್ಲ, ಹೆದ್ರಿಸೋಷ್ಟು ವೋಟು ಬಂದ್ರೆ ಸಾಕು. ಠೇವಣಿ ಹೋದ್ರೆ ಮಾತ್ರ ಆ ಹೆಣ್ಮಕ್ಕಳ ಕತೆ ಮುಗೀತು."

ಅವಳಿಗೆ ವೋಟು ಹಾಕುತ್ತೀರಾ ಎಂದು ಪಾರ್ಕಿನ ಬೆಂಚಿನ ಪಂಡಿತರನ್ನು ಕೇಳಿದೆ. ಆ ಬೇಸಿಗೆ ಎಲ್ಲರ ಬೋರ್‌ವೆಲ್ಲೂ ಬತ್ತಿದಾಗ ನಮ್ಮ ರಸ್ತೆಗೆ ನೀರಿನ ಟ್ಯಾಂಕರ್ ಬರುವಂತೆ ಮಾಡಿದ್ದು ನನ್ನ ತಂಗಿ. ಅದನ್ನು ಯಾರೂ ಮರೆತಿರಲಿಲ್ಲ.

"ನಿಮ್ಮ ತಂಗಿ ಬಂಗಾರ ಸಾರ್" ಎಂದರು ಒಬ್ಬರು. "ಕಾರ್ಪೊರೇಷನ್‌ಗೆ ನಿಲ್ಲಲಿ, ಕಣ್ಣು ಮುಚ್ಕೊಂಡು ಹಾಕ್ತೀವಿ. ಇದು ಡೆಲ್ಲಿ ಎಲೆಕ್ಷನ್ನು. ಡೆಲ್ಲಿಗೆ ಕೆಂಪು ಬಾವುಟ ಕಳ್ಸಿ ಏನ್ ಮಾಡೋದು?"

"ಅಂದ್ರೆ ನೀರಿಗೆ ಅವಳು, ದೇಶಕ್ಕೆ ಬೇರೆಯವ್ರು?"

"ಹ್ಞಾಂ, ಅಷ್ಟೇ ಸಾರ್" ಎಂದರು, ನಾನು ಅವರನ್ನು ಹೊಗಳಿದೆನೇನೋ ಎಂಬಂತೆ.

ಆದರೆ ಸಾರಕ್ಕಿಯಿಂದ ಅರೆಕೆರೆಯವರೆಗೆ ಅವಳು ಹೋದಲ್ಲೆಲ್ಲ ಜನ ಸೇರುತ್ತಿದ್ದರು. ಕಾರ್ಖಾನೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ಮೈಕು ಹಿಡಿದರೆ ಬನ್ನೇರುಘಟ್ಟ ರಸ್ತೆಯ ಅರ್ಧ ಮುಚ್ಚಿಹೋಗುತ್ತಿತ್ತು. ಪಕ್ಷದ ಹಿರಿಯರು ಆ ತಲೆಗಳನ್ನು ನೋಡಿ ಬೀಗುತ್ತಿದ್ದರು. ಒಂದು ದಿನ ತಟ್ಟೆಯ ಮುಂದೆ ಕೂತು ತಂಗಿ ಮೆಲ್ಲಗೆ ಹೇಳಿದಳು: "ಗೆದ್ರೂ ಗೆಲ್ಬಹುದು ಅನ್ಸತ್ತೆ ಅಣ್ಣ, ಈ ಸಲ." ಆ ವಯಸ್ಸಿನಲ್ಲಿ ಅವಳ ಮುಖ ಹಾಗೆ ಅರಳಿದ್ದನ್ನು ನೋಡಿ ನನಗೆ ತಮಾಷೆ ಮಾಡಲು ಬಾಯಿಯೇ ಬರಲಿಲ್ಲ. ಇದು ಸುಳ್ಳು ಅಂದುಕೊಳ್ಳಬೇಡಿ. ಜೀವನದಲ್ಲಿ ಅಂಥದು ಎರಡೋ ಮೂರೋ ಸಲ ಆಗಿದೆ.

ಕೊನೆಯ ಭಾನುವಾರ ಸಂಜೆ ಅರೆಕೆರೆಯ ಒಂದು ಮೈದಾನದಲ್ಲಿ ಸಭೆ. ಅವಳು ಮಾತಾಡುವ ಮೊದಲು ಜನರನ್ನು ನಗಿಸುವುದು ನನ್ನ ಕೆಲಸ. ಮಂತ್ರಿಗಳ ದನಿ ತೆಗೆಯುವುದರಲ್ಲಿ ನನ್ನನ್ನು ಮೀರಿಸಿದವರು ಇನ್ನೂ ಹುಟ್ಟಿಲ್ಲ. ಆ ದಿನ ನನ್ನ ತಲೆಯಲ್ಲಿ ಒಂದು ಉಪಾಯವಿತ್ತು. ವೋಟಿರುವವರು ಕೈ ಎತ್ತಿ ಎನ್ನುವುದು, ಮೈದಾನದ ತುಂಬ ಕೈಗಳು ಏಳುವುದು, ಅದರ ಫೋಟೋ ಹೊಡೆದು ಬೆಳಗ್ಗೆ ಪಾರ್ಕಿನ ಪಂಡಿತರ ಮೂಗಿಗೆ ಹಿಡಿಯುವುದು. ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಫೋನು ಎತ್ತಿ ಹಿಡಿದು ಕೂಗಿದೆ:

"ಇಲ್ಲಿ ವೋಟಿರೋರೆಲ್ಲ ಕೈ ಎತ್ತಿ!"

ಮೈಕ್ ಸೆಟ್ಟಿನವನು ಎತ್ತಿದ. ಹೂ ಮಾರುವ ಮುದುಕಿ ಎತ್ತಿದಳು. ವೇದಿಕೆಯ ಮೇಲಿದ್ದ ಪಕ್ಷದ ಹಿರಿಯರು ಎತ್ತಿದರು. ಅಲ್ಲಲ್ಲಿ ಒಂದೊಂದು ಕೈ. ಮಿಕ್ಕ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಿಸಕ್ಕನೆ ನಕ್ಕರು. ಮೈಕು ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ ಕೂಗಿದೆ. ಅಷ್ಟೇ ಕೈಗಳು.

ಮುಂದಿನ ಸಾಲಿನಿಂದ ಒಬ್ಬಳು ಎದ್ದಳು. ಕೆಲಸದಿಂದ ತೆಗೆದವರಲ್ಲಿ ಅವಳೂ ಒಬ್ಬಳು. "ನಮ್ದೆಲ್ಲ ಓಟು ಊರಲ್ಲೈತೆ ಅಂಕಲ್. ನಂದು ಮಳವಳ್ಳಿ ತಾವ. ಇವ್ಳು ಪಾವಗಡ. ಆ ಕಡೆಯೋರೆಲ್ಲ ಚಿಂತಾಮಣಿ."

"ಇಷ್ಟು ವರ್ಷ ಇದ್ದೀರಿ, ಇಲ್ಲಿಗೇ ಮಾಡಿಸ್ಕೊಳ್ಳೋದಲ್ವೇನಮ್ಮ?"

"ಮನೆ ಓನರು ಅಗ್ರಿಮೆಂಟೇ ಕೊಡಲ್ಲ, ಏನ್ ತೋರಿಸ್ಲಿ? ಊರಲ್ಲಿ ಹೆಸ್ರು ತೆಗೆಸ್ಬುಟ್ರೆ ರೇಷನ್ನೂ ಹೋಯ್ತದೆ ಅಂತ ನಮ್ಮತ್ತೆ ಬೇರೆ ಬುಡಕ್ಕಿಲ್ಲ."

ತಂಗಿ ಎದ್ದು ಬಂದು ನನ್ನ ಕೈಯಿಂದ ಮೈಕು ತೆಗೆದುಕೊಂಡಳು. ಅಷ್ಟರಲ್ಲಿ ಆ ಹೆಂಗಸು ಅವಳನ್ನೇ ಕೇಳಿದಳು. "ಅಕ್ಕಾ, ನಮ್ಮೂರಲ್ಲಿ ನಿಮ್ಮ ಪಾರ್ಟಿಯೋರು ಯಾರೂ ನಿಂತಿಲ್ಲ. ನಾವು ಯಾರಿಗ್ ಹಾಕ್ಬೇಕು? ನೀವೇ ಹೇಳಿ."

ತಂಗಿ ಹೇಳಿದಳು: "ನಿನ್ನ ಸಂಬಳ ಎಷ್ಟು, ನಿನ್ನ ಕೆಲಸ ಯಾಕೆ ಹೋಯ್ತು ಅಂತ ಕೇಳಿದೋರು ಊರಲ್ಲಿ ಯಾರಾದ್ರೂ ಇದ್ರೆ ಅವ್ರಿಗೆ ಹಾಕಮ್ಮ. ಯಾರೂ ಇಲ್ಲ ಅಂದ್ರೆ, ಮುಂದಿನ ಸಲ ನೀನೇ ನಿಲ್ಲು. ಬಾವುಟ ನಾನು ಹಿಡೀತೀನಿ." ಚಪ್ಪಾಳೆ ಎಂದರೆ ಚಪ್ಪಾಳೆ. ಸಿಳ್ಳೆಗಳೂ ಬಿದ್ದವು.

ಮತದಾನದ ಹಿಂದಿನ ಸಂಜೆ ಇಬ್ಬರೂ ಆಟೋದಲ್ಲಿ ಬರುತ್ತಿದ್ದಾಗ ಅರೆಕೆರೆಯ ಹತ್ತಿರ ಸಾಲಾಗಿ ಬಸ್ಸುಗಳು ನಿಂತಿದ್ದವು. ಊರುಗಳಿಂದ ಬೇರೆ ಬೇರೆ ಪಕ್ಷದವರು ತಮ್ಮ ವೋಟುಗಳನ್ನು ಕರೆದೊಯ್ಯಲು ಕಳಿಸಿದ ಬಸ್ಸುಗಳು. ಒಳಗೆಲ್ಲ ನಮ್ಮ ಸಭೆಯ ಹೆಂಗಸರೇ. ಕಿಟಕಿಗಳಿಂದ ಕೈ ಬೀಸಿ, "ಅಕ್ಕಾ, ಗೆದ್ದು ಬನ್ನಿ ಅಕ್ಕಾ!" ಎಂದು ಕೂಗಿದರು. ತಂಗಿಯೂ ಕೈ ಬೀಸಿದಳು. ಬಸ್ಸುಗಳು ಹೊರಟವು. ಸಿಗ್ನಲ್ ಬಿಟ್ಟರೂ ನಮ್ಮ ಆಟೋದವನು ಗಾಡಿ ತೆಗೆಯಲಿಲ್ಲ. "ಎಲ್ಲಾ ನಿಮ್ಮೋರಾ ಮೇಡಂ?" ಎಂದ. ಅವಳು "ಹೂಂ" ಎಂದಳು.

ಠೇವಣಿ ಹೋಯಿತು. ಯಾರೂ ಬೇಡ ಎಂದು ನೋಟಾ ಒತ್ತಿದವರೇ ಅವಳಿಗೆ ಒತ್ತಿದವರಿಗಿಂತ ಹೆಚ್ಚು. ಇದಕ್ಕೊಂದು ಒಳ್ಳೆಯ ಜೋಕು ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಫಲಿತಾಂಶದ ಮಾರನೆಯ ದಿನ ಪಾರ್ಕಿನ ಅದೇ ಪಂಡಿತರು ನಮ್ಮ ಮನೆಗೆ ಬಂದರು. "ಬೇಜಾರ್ ಮಾಡ್ಕೋಬೇಡಿ ಮೇಡಂ, ನೀವು ದೊಡ್ಡೋರು" ಎಂದು ಶುರುಮಾಡಿ, "ಟ್ಯಾಂಕರ್ ಎರಡು ದಿನದಿಂದ ಬಂದಿಲ್ಲ, ಒಂದು ಮಾತು ಹೇಳ್ತೀರಾ?" ಎಂದು ಮುಗಿಸಿದರು. ಅವಳು ಹೇಳಿದಳು. ಟ್ಯಾಂಕರಿನವನು ಒಂದೇ ರಿಂಗಿಗೆ ಫೋನ್ ಎತ್ತಿದ. ಆಮೇಲೆ ಕಾರ್ಖಾನೆಯ ಮ್ಯಾನೇಜರಿಗೆ ಮಾಡಿದಳು. ಅವನು ಎತ್ತಲಿಲ್ಲ. ಇವತ್ತಿಗೂ ಎತ್ತಿಲ್ಲ. ಮಳವಳ್ಳಿಯ ಆ ಹೆಂಗಸು ರೂಮು ಖಾಲಿ ಮಾಡಿ ಊರಿಗೆ ಹೋದಳಂತೆ.

ಸಿಕ್ಕಿತೇ ಸುಳ್ಳು? ಕಾಫಿಯದು ಅಂದುಕೊಂಡಿರಿ ಅಲ್ಲವೇ? ಅದು ನಿಜ. ಬಸ್ಸುಗಳೂ ನಿಜ. ಆ ದಿನ ವೇದಿಕೆಯ ಮೇಲೆ ತಂಗಿ ಕೊಟ್ಟ ಉತ್ತರವಿದೆಯಲ್ಲ, ಮುಂದಿನ ಸಲ ನೀನೇ ನಿಲ್ಲು ಎಂದದ್ದು, ಬಿದ್ದ ಚಪ್ಪಾಳೆ, ಅದಿಷ್ಟೂ ನನ್ನದು. ಸಭೆ ಮುಗಿಸಿ ಮನೆಗೆ ಬರುವಾಗ ದಾರಿಯಲ್ಲಿ ನನಗೆ ಆ ಉತ್ತರ ಹೊಳೆಯಿತು, ತಡವಾಗಿ. ಸಭೆಯಲ್ಲಿ ಅವಳು ಮೈಕು ಹಿಡಿದುಕೊಂಡು ಸುಮ್ಮನೆ ನಿಂತಿದ್ದಳು. ಸ್ಪೀಕರು ಗುಂಯ್ ಎನ್ನುತ್ತಿತ್ತು. ಕೇಳಿದ ಹೆಂಗಸೂ ಕೂರದೆ ಕಾಯುತ್ತ ನಿಂತಿದ್ದಳು. ಕೊನೆಗೆ ತಂಗಿ ಹೇಳಿದ್ದು ಇಷ್ಟೇ:

"ಹುಷಾರಾಗಿ ಹೋಗ್ಬನ್ನಿ."