ದಯವಿಟ್ಟು ಪ್ರಾರ್ಥನೆಗೆ ಅಡ್ಡಿಪಡಿಸಿ

ಶನಿವಾರ ಸಂಜೆ ನಾಲ್ಕು ಇಪ್ಪತ್ತು.

ಇಷ್ಟು ಖಚಿತವಾಗಿ ಹೇಗೆ ಗೊತ್ತು ಅಂತೀರಾ? ಚರ್ಚಿನ ಮೆಟ್ಟಿಲ ಮೇಲೆ ಕೊಡೆ ಮಡಚುವಾಗ ಮೊಬೈಲ್ ನೋಡಿದ್ದೆ. ಇಪ್ಪತ್ತು ನಿಮಿಷ ಲೇಟು. ಲೂಸಿ ಟೀಚರ್ ಬೈಯುತ್ತಾರೆ ಅಂದುಕೊಂಡೇ ಒಳಗೆ ಹೋಗಿ, ಪೂಜಾ ವಸ್ತ್ರ, ಪುಸ್ತಕಗಳನ್ನು ಇಡುವ ಪಕ್ಕದ ಕೋಣೆಯ ಬಾಗಿಲ ಗಾಜಿನಿಂದ ಇಣುಕಿದೆ. ಟೀಚರ್ ಕುರ್ಚಿಯಲ್ಲಿದ್ದರು. ಎದುರಿಗೆ ಮೇಜಿನ ಮೇಲೆ ತೆರೆದಿಟ್ಟ ದೊಡ್ಡ ಬೈಬಲ್. ಒಂದು ಕೈ ಪುಟದ ಮೇಲಿತ್ತು. ತಲೆ ಬಗ್ಗಿತ್ತು. ಕಣ್ಣು ಮುಚ್ಚಿತ್ತು.

ಪ್ರಾರ್ಥನೆ ಮಾಡುತ್ತಿದ್ದಾರೆ ಅಂದುಕೊಂಡೆ. ತುದಿಗಾಲಲ್ಲಿ ಹಿಂದೆ ಸರಿದು ಬೆಂಚಿನಲ್ಲಿ ಕೂತೆ.

ಟೀಚರ್ ಸಾಯುತ್ತಿದ್ದರು.

(ಗಾಬರಿಯಾಗಬೇಡಿ. ಈಗ ಚೆನ್ನಾಗಿದ್ದಾರೆ. ಈ ಬರಹವನ್ನು ನಿಮಗಿಂತ ಮೊದಲೇ ಓದಿ ಎರಡು ಕಡೆ ಒತ್ತಕ್ಷರ ತಿದ್ದಿದ್ದಾರೆ.)

ಲೂಸಿ ಟೀಚರ್ ಯಾರು ಅಂತ ಹೇಳಬೇಕು. ಕಳಸದ ದಾರಿಯ ನಮ್ಮ ಪುಟ್ಟ ಚರ್ಚಿಗೆ ಬರುವವರಲ್ಲಿ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು. ಅದರಲ್ಲಿ ನಾನೂ ಒಬ್ಬಳು. ರಿಟೈರ್ ಆದ ಮೇಲೆ ಚರ್ಚಿನ ಪುಸ್ತಕಗಳೆಲ್ಲ ಅವರ ಸುಪರ್ದಿಗೆ ಬಂದವು. ಭಾನುವಾರ ಯಾರು ಓದಬೇಕು ಅಂತ ಪಟ್ಟಿ ಮಾಡುವವರೂ ಅವರೇ. ಓದುವಾಗ ಒಂದು ಅಲ್ಪಪ್ರಾಣ ಹೆಚ್ಚುಕಮ್ಮಿಯಾದರೆ ಮೊದಲ ಬೆಂಚಿನಿಂದ ಕೆಮ್ಮು ಕೇಳಿಸುತ್ತದೆ. ಅದು ಶೀತದ ಕೆಮ್ಮಲ್ಲ ಅಂತ ನಮಗೆಲ್ಲ ಗೊತ್ತು.

ಹಿಂದಿನ ಭಾನುವಾರ ನನ್ನ ಸರದಿಯಿತ್ತು. ಮೂರು ವಾರದಿಂದ ಬಿಡದೆ ಹೊಡೆಯುತ್ತಿದ್ದ ಮಳೆಗೆ ಚರ್ಚಿನ ಬೈಬಲ್ ಕೂಡ ಥಂಡಿ ಹಿಡಿದಿತ್ತು. ಪುಟ ತಿರುಗಿಸಿದೆ. ಎರಡೋ ಮೂರೋ ಹಾಳೆ ಅಂಟಿಕೊಂಡು ಒಟ್ಟಿಗೆ ತಿರುಗಿದವು. ನನಗೆ ತಿಳಿಯಲಿಲ್ಲ. ಅಲ್ಲಿಯತನಕ ಜನರನ್ನು ಗದರಿಸುತ್ತಿದ್ದ ಪ್ರವಾದಿ ಇದ್ದಕ್ಕಿದ್ದಂತೆ ಗೋಡೆಯ ಉದ್ದಗಲ, ಬಾಗಿಲಿನ ಎತ್ತರ ಹೇಳತೊಡಗಿದ. ನಾನು ಗಂಭೀರವಾಗಿ ಓದಿ ಮುಗಿಸಿದೆ. ಸಭೆಯೂ ಅಷ್ಟೇ ಗಂಭೀರವಾಗಿ ದೇವರಿಗೆ ವಂದನೆ ಹೇಳಿತು.

ಒಬ್ಬರಿಗಾದರೂ ಅನುಮಾನ ಬರಬೇಡವೇ? ಬಂದದ್ದು ಮೊದಲ ಬೆಂಚಿಗೆ ಮಾತ್ರ.

ಪೂಜೆ ಮುಗಿದ ಮೇಲೆ ಟೀಚರ್ ನನ್ನನ್ನು ಹಿಡಿದು, ಪ್ರವಾದಿಗೆ ಮೇಸ್ತ್ರಿ ಕೆಲಸ ಕೊಟ್ಟವಳು ನೀನೇ ಮೊದಲು ಅಂದರು. ಮುಂದಿನ ಭಾನುವಾರವೂ ನೀನೇ ಓದಬೇಕು, ಶನಿವಾರ ನಾಲ್ಕಕ್ಕೆ ಬಂದು ಪ್ರಾಕ್ಟೀಸ್ ಮಾಡು, ಅಷ್ಟರಲ್ಲಿ ಪುಸ್ತಕ ಒಣಗಿಸಿಡುತ್ತೇನೆ ಅಂತ ಹೇಳಿದರು.

ಮಳೆಗಾಲದಲ್ಲಿ ನಮ್ಮ ಕಡೆ ಒಣಗಿಸುವುದೇ ಒಂದು ಉದ್ಯೋಗ. ಕಾಲುಚೀಲ, ಮಕ್ಕಳ ಯೂನಿಫಾರ್ಮು, ಬೆಂಕಿಪೊಟ್ಟಣ, ಎಲ್ಲವನ್ನೂ ಅಗ್ಗಿಷ್ಟಿಕೆಯ ಕೆಂಡಕ್ಕೆ ಹಿಡಿದೇ ಒಣಗಿಸಬೇಕು. ಕರೆಂಟು ಹೋಗಿ ಮೂರು ದಿನವಾಗಿತ್ತು. ಟೀಚರ್ ಮನೆಯಿಂದ ಅಗ್ಗಿಷ್ಟಿಕೆ ತಂದರು. ಧೂಪಕ್ಕೆಂದು ಚರ್ಚಿನಲ್ಲೇ ಇಟ್ಟಿದ್ದ ಇದ್ದಿಲು ಸುರಿದರು. ಹೊರಗಿನ ಥಂಡಿ ಒಳಗೆ ಬರಬಾರದೆಂದು ಕಿಟಕಿ ಹಾಕಿ, ಬಾಗಿಲ ಸಂದಿಗೆ ಗೋಣಿಚೀಲ ತುರುಕಿದರು. ಎರಡು ಗಂಟೆಯಿಂದ ಒಂದೊಂದೇ ಹಾಳೆ ಬಿಡಿಸುತ್ತಾ ಕೂತರು.

ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಏನು ಮಾಡುತ್ತದೆ ಅಂತ ನಾನು ಕಾಲೇಜಿನಲ್ಲಿ ಓದಿದ್ದೇನೆ. ಅದು ಬಿಡುವ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕೆಮಿಸ್ಟ್ರಿ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ಕೂಡ ತಗೊಂಡಿದ್ದೇನೆ. ಗಾಜಿನ ಆ ಕಡೆ ಕೆಂಡವೂ ಕಾಣುತ್ತಿತ್ತು. ಆದರೆ ನಾನು ನೋಡಿದ್ದು ಬಗ್ಗಿದ ತಲೆಯನ್ನು ಮಾತ್ರ.

ಇಲ್ಲಿಗೇ ಮುಗಿಯಲಿಲ್ಲ. ನಾಲ್ಕೂವರೆಗೆ ಎದುರು ಅಂಗಡಿಯ ಮಲ್ಲೇಶಣ್ಣ ಬಂದರು. ನಮ್ಮ ಚರ್ಚಿನವರಲ್ಲ. ಹಣೆಗೆ ವಿಭೂತಿ ಇಡದೆ ಅಂಗಡಿಯ ಬಾಗಿಲು ತೆಗೆಯದವರು. ಟೀಚರ್ ಹೇಳಿದ್ದ ಮೇಣದಬತ್ತಿ ತಂದಿದ್ದರು. ಕೋಣೆಯ ಕಡೆ ಹೊರಟವರಿಗೆ ನಾನು ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದೆ. ಟೀಚರ್ ಪ್ರಾರ್ಥನೆಯಲ್ಲಿದ್ದಾರೆ, ಸ್ವಲ್ಪ ಕೂತುಕೊಳ್ಳಿ ಅಂದೆ. ಪಾಪ, ಕೂತರು.

ಐದು ನಿಮಿಷ ಹೋಯಿತು. ಅವರು ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು: "ಅಲ್ಲ ಮಾರಾಯ್ತಿ, ನಲವತ್ತು ವರ್ಷದಿಂದ ನೋಡ್ತಿದೀನಿ. ಆ ಟೀಚರು ಇಷ್ಟೊತ್ತು ಬಾಯಿ ಮುಚ್ಚಿ ಕೂತಿದ್ದೇ ಇಲ್ಲ."

ಎದ್ದು ಹೋಗಿ ಬಾಗಿಲು ನೂಕಿದರು.

ಆಮೇಲಿನದು ನನಗೆ ಚೂರುಚೂರಾಗಿ ನೆನಪಿದೆ. ಅವರು ಟೀಚರ್ ಅಂತ ಕೂಗಿದ್ದು. ಟೀಚರ್ ಕೈ ಪುಟದಿಂದ ಜಾರಿದ್ದು. ಕಂಕುಳಿಗೆ ಕೈಹಾಕಿ ಎಳೆದು ತಂದು ಜಗಲಿಯ ಗಾಳಿಯಲ್ಲಿ ಮಲಗಿಸಿದ್ದು. ಏನು ನೋಡ್ತಿದೀಯ, ಫಾದರನ್ನ ಕರಿ ಅಂತ ಗದರುವವರೆಗೆ ನಾನು ನಿಂತೇ ಇದ್ದೆ, ಅವರು ತಂದ ಮೇಣದಬತ್ತಿಯ ಪೊಟ್ಟಣ ಹಿಡಿದುಕೊಂಡು. ಫಾದರ್ ಜೀಪು ತಂದರು. ಮೂಡಿಗೆರೆ ತಲುಪುವವರೆಗೆ ಟೀಚರ್ ತಲೆ ನನ್ನ ತೊಡೆಯ ಮೇಲಿತ್ತು. ಪ್ರತಿ ತಿರುವಿನಲ್ಲೂ ಅವರ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಿದ್ದೆ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಮಳೆಗಾಲದಲ್ಲಿ ಇಂಥ ಕೇಸು ಬರುತ್ತಲೇ ಇರುತ್ತವೆ ಅಂದ ಡಾಕ್ಟರು, ಪ್ರಜ್ಞೆ ತಪ್ಪಿ ಎಷ್ಟು ಹೊತ್ತಾಗಿತ್ತು ಅಂತ ಕೇಳಿದರು. ಗೊತ್ತಿಲ್ಲ ಅಂದೆ. ಹದಿನೈದು ನಿಮಿಷದ ಲೆಕ್ಕ ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಟೀಚರ್ ಕಣ್ಣು ಬಿಟ್ಟು, ಇವತ್ತು ಭಾನುವಾರ ಅಲ್ವಾ, ನೀನಿಲ್ಲಿದ್ರೆ ಅಲ್ಲಿ ಓದೋರು ಯಾರು ಅಂದರು. ನಾನು ವಾರ್ಡಿನ ಹೊರಗೆ ಹೋಗಿ ಅತ್ತು ಬಂದೆ.

ಅವರು ಮನೆಗೆ ಬಂದರು. ತಲೆನೋವು ಹೋಯಿತು, ಗದರಿಕೆ ವಾಪಸ್ ಬಂತು. ನನ್ನ ನಿದ್ದೆ ಮಾತ್ರ ಬರಲಿಲ್ಲ. ಕಣ್ಣು ಮುಚ್ಚಿದರೆ ಆ ಗಾಜಿನ ಬಾಗಿಲು. ಆ ಕಡೆ ಬಗ್ಗಿದ ತಲೆ. ಈ ಕಡೆ ತುದಿಗಾಲಲ್ಲಿ ಹಿಂದೆ ಸರಿಯುವ ನಾನು. ಎದ್ದು ಕೂರುತ್ತಿದ್ದೆ.

ಎರಡು ವಾರದ ನಂತರ ಅವರ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಾ ಎಲ್ಲ ಹೇಳಿಬಿಟ್ಟೆ. ನೋಡಿಯೂ ಬಿಟ್ಟು ಹೋದದ್ದು, ಮಲ್ಲೇಶಣ್ಣನನ್ನೂ ತಡೆದದ್ದು. ಬೈಗುಳಕ್ಕೆ ಕಾದೆ.

ಅವರು ನಕ್ಕರು. ಆ ಕೋಣೆಯಲ್ಲಿ ತಾನು ಕಣ್ಣು ಮುಚ್ಚಿದಾಗೆಲ್ಲ ಮಾಡುವುದು ನಿದ್ದೆಯನ್ನೇ, ಹತ್ತು ವರ್ಷದಿಂದ ಯಾರೂ ಎಬ್ಬಿಸಿಲ್ಲ, ಬಹಳ ಆರಾಮ ಅಂದರು. ಆಮೇಲೆ ಲೋಟ ಕೆಳಗಿಟ್ಟರು.

"ನಮ್ಮ ಯಜಮಾನ್ರು ತೀರಿಕೊಂಡ ವರ್ಷ ಪೂಜೆ ಮುಗಿದ ಮೇಲೂ ಬೆಂಚಲ್ಲಿ ತಲೆ ಬಗ್ಗಿಸಿ ಕೂತಿರ್ತಿದ್ದೆ. ಮನೆಗೆ ಹೋಗೋಕೆ ಕಾಲೇ ಬರ್ತಿರ್ಲಿಲ್ಲ ಕಣೇ. ನೀವೆಲ್ಲ ಸದ್ದು ಮಾಡ್ದೆ ಪಕ್ಕದಲ್ಲೇ ದಾಟಿ ಹೋಗ್ತಿದ್ರಿ. ಎಷ್ಟು ಭಕ್ತಿ ಅಂತ ಮಾತಾಡ್ಕೊಂಡು."

ನಾನೂ ಹಾಗೆ ದಾಟಿ ಹೋದವಳೇ. ಮಾತಾಡಿಕೊಂಡವಳೂ ಹೌದು.

ಚರ್ಚಿನಲ್ಲಿ ನಾವು ಎಷ್ಟೊಂದು ಮರ್ಯಾದೆ ಕಲಿಯುತ್ತೇವೆ. ಮೊಬೈಲ್ ಸೈಲೆಂಟ್ ಮಾಡು. ಮಗು ಅತ್ತರೆ ಹೊರಗೆ ಕರಕೊಂಡು ಹೋಗು. ಕಣ್ಣು ಮುಚ್ಚಿದವರನ್ನು ಮಾತಾಡಿಸಬೇಡ. ನಮ್ಮ ಯಾವ ಮರ್ಯಾದೆಯೂ ಗೊತ್ತಿಲ್ಲದ ಮಲ್ಲೇಶಣ್ಣ ಅವತ್ತು ಬರದಿದ್ದರೆ? ನಾನು ಆ ಬೆಂಚಿನಲ್ಲಿ ಇನ್ನೂ ಎಷ್ಟು ಹೊತ್ತು ಮರ್ಯಾದೆಯಿಂದ ಕೂತಿರುತ್ತಿದ್ದೆ?

ಕಳೆದ ಭಾನುವಾರ ಓದಿದ್ದು ನಾನೇ. ಹಾಳೆಗಳೀಗ ಹಪ್ಪಳದ ಹಾಗೆ ಸೊಟ್ಟಗಿವೆ. ಆದರೆ ಒಂದೊಂದೇ ತಿರುಗುತ್ತವೆ. ಪ್ರವಾದಿ ಕೊನೆಯವರೆಗೂ ಗದರಿಸಿದ. ಮೊದಲ ಬೆಂಚು ಒಂದೇ ಸಲ ಕೆಮ್ಮಿತು. ಆ ಕೆಮ್ಮು ಕೇಳಿ ಇಷ್ಟು ಖುಷಿಯಾಗಿದ್ದು ಇದೇ ಮೊದಲು.

ಪೂಜೆ ಮುಗಿದು ಎಲ್ಲರೂ ಹೊರಟರು. ಕೊನೆಯ ಬೆಂಚಿನಲ್ಲಿ ಹಿರಿಯರೊಬ್ಬರು ತಲೆ ಬಗ್ಗಿಸಿ, ಕಣ್ಣು ಮುಚ್ಚಿ ಕೂತಿದ್ದರು. ನಾನು ನಿಂತೆ. ಒಂದು ನಿಮಿಷ ನೋಡಿದೆ. ಹೋಗಿ ಭುಜ ಅಲುಗಿಸಿ, ಅಂಕಲ್, ಹುಷಾರಿದೀರಾ ಅಂದೆ.

ಅವರು ಕಣ್ಣು ಬಿಟ್ಟು ದುರುಗುಟ್ಟಿ ನೋಡಿದರು. ಮನುಷ್ಯನಿಗೆ ನೆಮ್ಮದಿಯಾಗಿ ಪ್ರಾರ್ಥನೆ ಮಾಡೋಕೂ ಬಿಡಲ್ವಾ ಅಂತ ಬೈದರು. ಸಾರಿ ಹೇಳಿ ಮನೆಗೆ ಬಂದೆ. ಆ ಭಾನುವಾರ ಮಲಗಿದವಳು ಎದ್ದದ್ದು ಸೋಮವಾರ ಬೆಳಿಗ್ಗೆ ಏಳೂವರೆಗೆ.

ನಾನು ಕೆಡಿಸಿದ ಆ ಪ್ರಾರ್ಥನೆಯನ್ನು ಮತ್ತೆ ಮೊದಲಿನಿಂದ ಕೇಳಲು ದೇವರಿಗೇನು ಪುರುಸೊತ್ತಿಲ್ಲವೇ?