ಹಿಡಿದ ಸೊಂಟದ ಪರೀಕ್ಷೆ

ನನ್ನ ಹೆಂಡತಿ ಖಜೂರಿಯವಳು, ಕಾಲು ಮುಂದಾಗಿ ಹುಟ್ಟಿದಾಕೆ. ಅಂಥವರು ಒದ್ದರೆ ಹಿಡಿದ ಸೊಂಟ ಬಿಡುತ್ತದೆ ಅನ್ನುವುದು ನಮ್ಮ ಕಡೆಯ ನಂಬಿಕೆ. ತೊಗರಿ ಚೀಲ ಎತ್ತಿ ನನ್ನ ಸೊಂಟ ಹಿಡಿದಾಗ, ಆಕೆ ಮೊದಲು ನನ್ನ ಕಾಲಿಗೆ ನಮಸ್ಕಾರ ಮಾಡಿ, ಆಮೇಲೆ ಬೆನ್ನಿಗೆ ಒದ್ದಳು. ವಾರದೊಳಗೆ ನೋವು ಹೋಯಿತು.

"ಒದೀಲಿಲ್ಲಂದ್ರೂ ಹೋಗ್ತಿತ್ರಿ," ಅಂದರು ಆಳಂದದ ಡಾಕ್ಟರು.

ನನಗೆ ಹಟ ಬಂತು. ಈ ವರ್ಷ ಮತ್ತೆ ಸೊಂಟ ಹಿಡಿದಾಗ, ಒದೆಸಿಕೊಳ್ಳದೆ ಯಾವಾಗ ಬಿಡುತ್ತದೋ ನೋಡೇಬಿಡೋಣ ಎಂದು ಆಕೆಗೆ ತಾಕೀತು ಮಾಡಿ, ನರಳುತ್ತ ಮಲಗಿದೆ. ಮರುದಿನ ಮಧ್ಯಾಹ್ನ ಜೊಂಪು ಹತ್ತಿತ್ತು. ಯಾರೋ ಕಾಲು ಮುಟ್ಟಿ ನಮಸ್ಕರಿಸಿದಂತಾಯಿತು. ಹಿಂದೆಯೇ ಬೆನ್ನಿಗೆ ಒದೆ ಬಿತ್ತು.

"ಪರೀಕ್ಷಾ ಕೆಡಿಸಿದ್ಯಲ್ಲ ಬೇ!" ಎಂದು ಚೀರಿದೆ.

"ನಿಮ್ಮ ಪರೀಕ್ಷಾಕ್ಕ ನನ್ನ ಗಂಡನೇ ಬೇಕಾಗಿದ್ನೇನ್ರಿ?" ಅಂದಳು.