ಮಾರಿ ನೋಡುವ ಕ್ಯಾಮೆರಾ

ಆ ಕಾಗದ ಎರಡು ಪುಟದ್ದೋ ನಾಲ್ಕು ಪುಟದ್ದೋ, ಈಗ ಖಚಿತವಾಗಿ ಹೇಳಲಾರೆ. ದಿನಚರಿಯಲ್ಲಿ ‘ಎರಡು’ ಎಂದಿದೆ, ಆದರೆ ಅದನ್ನು ಬರೆದದ್ದು ಮೂರು ದಿನ ಬಿಟ್ಟು. ಸಿಟ್ಟು ಬಂದ ಮೇಲೆ ನೆನಪು ತನಗೆ ಬೇಕಾದ್ದನ್ನೆಲ್ಲ ಸೇರಿಸಿಕೊಳ್ಳುತ್ತದೆ. ಹಾಗಾಗಿ ಇಲ್ಲಿ ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ ಹೋಗಿದ್ದರೆ ಆಶ್ಚರ್ಯವಿಲ್ಲ. ಆದರೆ ಕಾಗದ ಇಂಗ್ಲಿಷಿನಲ್ಲಿತ್ತು, ಅದನ್ನು ಮಾಮಾನಿಗೆ ಓದಿ ಹೇಳಿದವಳು ನಾನು, ‘ಸಹಿ ಮಾಡು’ ಎಂದವಳೂ ನಾನು. ಇಷ್ಟರಲ್ಲಿ ಅನುಮಾನವಿಲ್ಲ.

ಮಾಮಾ ನನ್ನ ಅವ್ವನ ತಮ್ಮ. ಇಳಕಲ್ಲಿನ ಗ್ರಾನೈಟ್ ಮಾಲಕರೊಬ್ಬರ ಲಾರಿಯನ್ನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಓಡಿಸಿದವನು. ಹುನಗುಂದದ ಮೇಲೆ ಬಾಗಲಕೋಟೆಗೆ, ಇಲ್ಲವೇ ಗುಡೂರಿನ ಮೇಲೆ ಬಾದಾಮಿಗೆ ಕಲ್ಲು ಒಯ್ಯುತ್ತಿದ್ದ. ನಾನು ಬಾದಾಮಿಯ ಕಾಲೇಜಿನಲ್ಲಿ ಪಾಠ ಹೇಳುವವಳು. ಈ ಕಡೆ ಬಂದಾಗಲೆಲ್ಲ ಮನೆಗೆ ಬಂದು ಉಂಡು ಹೋಗುತ್ತಿದ್ದ. ಅವತ್ತು ಉಣ್ಣಲು ಕೂರುವ ಮೊದಲೇ ಕಿಸೆಯಿಂದ ಕಾಗದ ತೆಗೆದ.

“ಏನ್ ಬರದಾರ ನೋಡವಾ. ಕ್ಯಾಬಿನ್ನಾಗ ಕ್ಯಾಮೆರಾ ಹಚ್ಚತಾರಂತ.”

ಓದಿದೆ. ಒಂದು ಕ್ಯಾಮೆರಾ ರಸ್ತೆಯನ್ನು ನೋಡುತ್ತದೆ, ಇನ್ನೊಂದು ಡ್ರೈವರನನ್ನು. ಕಣ್ಣು ಮುಚ್ಚಿದರೆ, ಮೊಬೈಲ್ ಹಿಡಿದರೆ ಅದು ಕೂಗಿ ಎಚ್ಚರಿಸಿ, ವಿಡಿಯೊವನ್ನು ಆಫೀಸಿಗೆ ಕಳಿಸುತ್ತದೆ. ಮೂರು ಸಲವಾದರೆ ಮಾಲಕರು ‘ಸೂಕ್ತ ಕ್ರಮ’ ತೆಗೆದುಕೊಳ್ಳುತ್ತಾರೆ. ಆ ಕ್ರಮ ಏನು ಎಂದು ನಾನು ಯೋಚಿಸಲಿಲ್ಲ. ವಿಶ್ವವಿದ್ಯಾಲಯದಲ್ಲಿ ಓದಿದವಳು, ಒಂದೊಂದು ವಾಕ್ಯದ ಒಳಗೆ ಏನಿದೆ ಎಂದು ಬಗೆದು ನೋಡುವುದನ್ನು ಮಕ್ಕಳಿಗೆ ಕಲಿಸುವವಳು, ಆ ಎರಡು ಪದಗಳನ್ನು ಹಾಗೆಯೇ ದಾಟಿಬಿಟ್ಟೆ.

“ನಿನ್ನ ಜೀವಕ್ಕ ಚಲೋನ ಐತಿ ಮಾಮಾ,” ಎಂದೆ.

“ರಸ್ತಾ ನೋಡಲಿ, ಬ್ಯಾಡ ಅನ್ನಂಗಿಲ್ಲ. ನನ್ನ ಮಾರಿ ಯಾಕ ನೋಡಬೇಕು ಅದು? ಇಷ್ಟ್ ವರ್ಷದಾಗ ನಿಮ್ಮ ಅತ್ತಿನ ಅಷ್ಟ್ ನೋಡಿಲ್ಲ ನನ್ನ ಮಾರಿ!”

ಮಾರಿ ಎಂದರೆ ನಮ್ಮ ಕಡೆ ಮುಖ. ಅವನು ನಗುತ್ತಲೇ ಸಹಿ ಮಾಡಿದ.

ಕ್ಯಾಮೆರಾ ಬಂದ ಮೇಲೆ ಒಮ್ಮೆ ರಜೆಯಲ್ಲಿ ಅವ್ವನನ್ನು ನೋಡಲು ಅವನ ಲಾರಿಯಲ್ಲೇ ಇಳಕಲ್ಲಿಗೆ ಹೋದೆ. ಮಾಮಾ ಬೇರೆ ಮನುಷ್ಯನಂತೆ ಕುಳಿತಿದ್ದ. ಹಾಡಿಲ್ಲ, ಬೈಗುಳವಿಲ್ಲ, ಬೆನ್ನು ತುರಿಸಿದರೂ ಕೈ ಹಿಂದಕ್ಕೆ ಹೋಗುತ್ತಿರಲಿಲ್ಲ. ಡ್ರೈವರುಗಳು ಆ ಯಂತ್ರಕ್ಕೆ ಬೀಗತಿ ಎಂದು ಹೆಸರಿಟ್ಟಿದ್ದರು. ಮಗಳನ್ನು ಕೊಟ್ಟ ಮನೆಯ ಹಿರಿಯಳು ಎದುರಿಗೆ ಕುಳಿತರೆ ಕೆಮ್ಮುವುದಕ್ಕೂ ಯೋಚಿಸಬೇಕಲ್ಲ, ಹಾಗೆ.

ಗುಡೂರಿನ ಈಚೆಗೆ ರಸ್ತೆಯ ಬದಿಯಲ್ಲೇ ಒಂದು ಸಣ್ಣ ದರ್ಗಾ ಇದೆ, ಮುಂದೆಯೇ ದೊಡ್ಡ ಹಂಪ್ಸ್. ಕಲ್ಲು ಹೇರಿದ ಲಾರಿ ಅಲ್ಲಿ ಆಳು ನಡೆದಷ್ಟೇ ನಿಧಾನ. ಈ ದಾರಿಯ ಡ್ರೈವರುಗಳು, ಯಾವ ಜಾತಿಯವರಿರಲಿ, ಅಲ್ಲಿ ಬಲಗೈ ಎದೆಗೆ ಮುಟ್ಟಿಸಿ, ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡೇ ಮುಂದೆ ಹೋಗುತ್ತಾರೆ. ಮಾಮಾನೂ ಒತ್ತಿಕೊಂಡ. ಕೂಡಲೇ ಬೀಗತಿ ಹಿಂದಿಯಲ್ಲಿ ಒದರಿದಳು. ನಿದ್ದೆ ಮಾಡಬೇಡಿ ಎಂಬ ಅರ್ಥದ ಏನೋ ಮಾತು.

“ನೋಡು, ದೇವರಿಗೆ ಕೈ ಮುಗದ್ರ ಬೈತಾಳ ಇಕಿ.”

ನಾನು ನಕ್ಕೆ. ಆ ನಗು ನೆನಪಾದರೆ ಈಗ ನನ್ನ ಮೇಲೇ ಮೈ ಉರಿಯುತ್ತದೆ.

ಮುಂದೆ ಚಾ ಕುಡಿಯಲು ನಿಂತಾಗ ಇನ್ನಿಬ್ಬರು ಡ್ರೈವರುಗಳು ಸಿಕ್ಕರು. ಒಬ್ಬ ಬಾಗಲಕೋಟೆಯವನು. ನಾನು ಪಾಠ ಹೇಳುವವಳು ಎಂದು ಗೊತ್ತಾಗಿ ‘ಅಕ್ಕಾರ’ ಎಂದೇ ಕರೆದ.

“ಸುಳ್ಳ ಯಾಕ ಹೇಳ್ಲಿ ಅಕ್ಕಾರ, ಹುನಗುಂದ ಕ್ರಾಸಿನ್ಯಾಗ ಬೈಕಿನಾಂವ ತಾನ ಬಂದು ನನ್ನ ಗಾಡಿಗೆ ಬಡದಾ. ಮಂದಿ ನನ್ನ ಕೊಳ್ಳಪಟ್ಟಿ ಹಿಡದ್ರು. ಕ್ಯಾಮೆರಾ ಇತ್ತು, ಉಳದೆ.”

“ಅದು ರಸ್ತಾದ ಕ್ಯಾಮೆರಾ ಲೇ!” ಎಂದ ಇನ್ನೊಬ್ಬ, ಮಾಮಾನ ಜೊತೆಗೇ ದುಡಿಯುವವನು. “ಮಾರಿ ಕ್ಯಾಮೆರಾ ಏನ್ ಉಳಿಸ್ತು ಹೇಳು. ನೀ ಲುಂಗಿ ಬದಲ ಮಾಡೂದ್ ನೋಡ್ತು, ಅಷ್ಟ. ಮಾಲಕರ ಖುರ್ಚಿ ಮುಂದೊಂದು ಹಚ್ಚಲಿ, ಮಧ್ಯಾಹ್ನ ಉಂಡಮ್ಯಾಲ ಯಾರ್ ತೂಕಡಸ್ತಾರ ಗೊತ್ತಾಗ್ಲಿ.”

ಎಲ್ಲರೂ ನಕ್ಕರು. ಮಾಮಾ ನಗಲಿಲ್ಲ. “ನಿದ್ದಿ ಬಿಟ್ಟು ಹೊಡಿ ಅನ್ನೋರೂ ಅವರ, ಆಕಳಿಸಿದ್ರ ಒದರೋರೂ ಅವರ,” ಎಂದ.

ಆಮೇಲೆ ಒಂದೂವರೆ ತಿಂಗಳಾಗಿತ್ತೋ ಎರಡೋ. ಅವ್ವ ಫೋನ್ ಮಾಡಿದಳು: ಮಾಮಾನನ್ನು ಲಾರಿಯಿಂದ ಇಳಿಸಿದ್ದಾರೆ, ಈಗ ಯಾರ್ಡಿನಲ್ಲಿ ಬೇರೆಯವರ ಲೋಡಿಗೆ ಹಗ್ಗ ಬಿಗಿಯುತ್ತಾನೆ. ಕಾರಣ, ಮೂರು ಸಲ ನಿದ್ದೆ ಹೋಗಿದ್ದಾನಂತೆ. ಇಳಕಲ್ಲಿನಲ್ಲಿ ಆ ಮಾತು ಅಂಟಿದರೆ ಮುಗಿಯಿತು. ಕುಡುಕ ಎಂದರೂ ಒಬ್ಬರಲ್ಲ ಒಬ್ಬರು ಗಾಡಿ ಕೊಡುತ್ತಾರೆ, ಸ್ಟೇರಿಂಗ್ ಮೇಲೆ ಮಲಗುವವನು ಎಂದರೆ ಯಾರೂ ಕೊಡುವುದಿಲ್ಲ.

ನಾನು ಇಳಕಲ್ಲಿನಲ್ಲಿ ಬಸ್ಸಿಳಿದು ನೇರವಾಗಿ ಮಾಲಕರ ಆಫೀಸಿಗೆ ಹೋದೆ. ಅಲ್ಲಿಯೇ ನನ್ನ ತಮ್ಮನೂ ಕೆಲಸ ಮಾಡುತ್ತಾನೆ. ಮಾಮಾನೇ ಮಾಲಕರಿಗೆ ಹೇಳಿ ಸೇರಿಸಿದ್ದು. ಕಂಪ್ಯೂಟರ್ ಕೆಲಸ ಎಂದಷ್ಟೇ ನನಗೆ ಗೊತ್ತಿತ್ತು. ಮಾಲಕರು ಕೂಗಾಡುವ ಮನುಷ್ಯರಲ್ಲ. ಖುರ್ಚಿ ಕೊಟ್ಟು, ತಮ್ಮನ ಮೇಜಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಮೂರು ವಿಡಿಯೊ. ಮೂರರಲ್ಲೂ ಕಿಟಕಿಯಾಚೆ ಅದೇ ದರ್ಗಾದ ಹಸಿರು ಗೋಡೆ, ಮೂರರಲ್ಲೂ ಎದೆಗೆ ಹೋಗಿ ಕಣ್ಣಿಗೆ ಬರುವ ಅದೇ ಕೈ. ಕೆಳಗೆ ‘ನಿದ್ದೆ: ಖಚಿತ’.

“ಇದು ನಿದ್ದಿ ಅಲ್ರಿ, ಇದು ದರ್ಗಾಕ್ಕ ಕೈ ಮುಗಿಯೂದು,” ಎಂದೆ. ನನ್ನ ದನಿ ಎಷ್ಟು ಏರಿತ್ತೋ ಗೊತ್ತಿಲ್ಲ.

“ಕಲ್ಲ ಹೇರಿದ ಗಾಡ್ಯಾಗ ಕಣ್ಣ ಮುಚ್ಚಿದ್ರ, ದೇವರಿಗೆ ಮುಚ್ಚಿದ್ರೂ ಮುಚ್ಚಿದ್ದ ಅಲ್ಲೇನ್ರಿ ಅಕ್ಕಾರ?”

ಅವರು ಕೇಳಿದ್ದರಲ್ಲೂ ಹುರುಳಿತ್ತು. ಆ ಒಂದು ಕ್ಷಣದಲ್ಲಿ ಯಾರಾದರೂ ಅಡ್ಡ ಬಂದಿದ್ದರೆ? ಹಾಗಿದ್ದರೆ ‘ಕಣ್ಣು ಮುಚ್ಚಿದ’ ಎಂದು ಬರೆಯಲಿ, ಕರೆದು ಬೈಯಲಿ, ಅಲ್ಲಿ ಗಾಡಿ ನಿಲ್ಲಿಸಿ ಕೈ ಮುಗಿ ಎನ್ನಲಿ. ನಿದ್ದೆ ಎಂದು ಯಾಕೆ ಬರೆಯಬೇಕು? ಮಾಡದ ತಪ್ಪಿನ ಹೆಸರನ್ನು ಒಬ್ಬನ ಮೇಲೆ ಹಚ್ಚುವುದು ಎಂಥ ಸುರಕ್ಷತೆ?

“ಬರೇ ಮಷಿನ್ ಮಾತ್ ಕೇಳಂಗಿಲ್ರಿ ನಾವು,” ಎಂದರು ಮಾಲಕರು. “ಒಬ್ಬರು ಕುಂತು ನೋಡಿ, ಖರೆನೋ ಸುಳ್ಳೋ ಅಂತ ಒತ್ತತಾರ. ಇವನ್ನ ನಿಮ್ಮ ತಮ್ಮನ ನೋಡ್ಯಾನ.”

ತಮ್ಮ ಫೈಲೊಂದನ್ನು ಮುಂದೆ ಎಳೆದುಕೊಂಡ. ಪರದೆಯ ಮೇಲೆ ‘ಖರೆ’ಗೊಂದು, ‘ಸುಳ್ಳು’ಗೊಂದು, ಎರಡು ಗುಂಡಿಗಳಿದ್ದವು. ಅವನ ಬೈಕಿನ ಹಿಂದೆ ಕೂತು ಗುಡೂರಿನ ಆ ದಾರಿಯಲ್ಲಿ ಎಷ್ಟು ಸಲ ಹೋಗಿದ್ದೇನೆ. ಅವನೂ ಹಂಪ್ಸಿನ ಹತ್ತಿರ ಹ್ಯಾಂಡಲ್ ಬಿಟ್ಟು ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳುವವನೇ. ತಿಳಿಯದೆ ಆದದ್ದು ಎಂದು ನನಗೆ ನಾನೇ ಹೇಳಿಕೊಳ್ಳಲು ದಾರಿಯೇ ಇರಲಿಲ್ಲ.

ಯಾರ್ಡಿಗೆ ಹೋದೆ. ಮಾಮಾ ಹಗ್ಗದ ಗಂಟು ಎಳೆಯುತ್ತಿದ್ದ. ವಿಡಿಯೊ ನೋಡಿದ್ದು ಯಾರೆಂದು ಅವನಿಗೆ ಆಗಲೇ ಗೊತ್ತಿತ್ತು. “ಅಂವಗೇನೂ ಅನಬ್ಯಾಡ. ಅವನ ಬೆನ್ನಿಗೂ ಒಂದ್ ಕ್ಯಾಮೆರಾ ಐತಿ, ಗ್ವಾಡಿ ಮ್ಯಾಲ,” ಎಂದ. ನಾನು ಅದನ್ನು ಗಮನಿಸಿರಲಿಲ್ಲ. ಇತ್ತೋ ಇಲ್ಲವೋ, ಇವತ್ತಿಗೂ ಹೇಳಲಾರೆ.

ಆದರೂ ಅಂದೆ. ಮಧ್ಯಾಹ್ನ ಊಟಕ್ಕೆ ಹೊರಬಂದ ತಮ್ಮನನ್ನು ಗೇಟಿನ ಬಳಿ ನಿಲ್ಲಿಸಿ ಕೇಳಿದೆ. “ತಡಾ ಆಕ್ಕೈತಿ ಅಕ್ಕಾ,” ಎಂದು ಬೈಕ್ ಹತ್ತಿದ. ಅದಾದ ಮೇಲೆ ಎರಡು ಸಲ ಫೋನಿನಲ್ಲಿ ಕೇಳಿದ್ದೇನೆ. ಅವನು ಅವ್ವನ ಕೈಗೆ ಫೋನ್ ಕೊಡುತ್ತಾನೆ. ನಾನು ಕೇಳಿದ್ದು ಇಷ್ಟೇ:

“ಅಲ್ಲೋ ತಮ್ಮಾ, ಆ ಸುಳ್ಳು ಅನ್ನೂ ಗುಂಡಿನ ನೀ ಇಲ್ಲಿತನಾ ಒಮ್ಮಿಯಾದ್ರೂ, ಯಾರ ಸಲುವಾಗ್ಯಾದ್ರೂ, ಒತ್ತಿದ್ದೈತೇನು?”